ದೌರ್ಬಲ್ಯ ಬಲ್ಲ ಮಾವ

ತಿಪಟೂರು ಸೀಮೆಯಲ್ಲಿ ತನ್ನ ದೌರ್ಬಲ್ಯಗಳ ಬಗ್ಗೆ ಇಷ್ಟೊಂದು ಹೆಮ್ಮೆಪಟ್ಟುಕೊಂಡ ಮನುಷ್ಯ ನಮ್ಮ ಸೋದರಮಾವನೊಬ್ಬನೇ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ! ಬೇರೆಯವರು ಮುಚ್ಚಿಟ್ಟುಕೊಳ್ಳುವುದನ್ನು ಮಾವ ಜಗಲಿಯ ಮೇಲೆ ಕೂತು ಹೋಗಿಬರುವವರಿಗೆಲ್ಲ ವಿವರಿಸುತ್ತಿದ್ದ.

ಈ ಕಾಯಿಲೆ ಅಂಟಿಸಿದ್ದು ಎಪ್ಪತ್ತರ ದಶಕದಲ್ಲಿ ತಿಪಟೂರಿನಲ್ಲಿ ನಡೆದ ಒಂದು ರೈತ ತರಬೇತಿ. ನೊಣವಿನಕೆರೆಯಿಂದ ಮಾವ ಅದಕ್ಕೆ ಹೋದದ್ದು, ಊಟಕ್ಕೆ ಹೋಳಿಗೆಯಿದೆ ಎಂದು ಯಾರೋ ಹೇಳಿದ್ದರಿಂದ. ಹೋಳಿಗೆ ಇರಲಿಲ್ಲ, ಒಬ್ಬ ಅಧಿಕಾರಿ ಇದ್ದ. ಯಾವ ಕೆಲಸಕ್ಕೂ ಮೊದಲು ನಿಮ್ಮ ಬಲವೇನು, ದೌರ್ಬಲ್ಯವೇನು ತಿಳಿದುಕೊಳ್ಳಿ, ಆಮೇಲೆ ಕಾರ್ಯಯೋಜನೆ ಹಾಕಿ ಎಂದು ಅವನು ಮಧ್ಯಾಹ್ನದವರೆಗೂ ಹೇಳಿದನಂತೆ. ಕೇಳಿದವರೆಲ್ಲ ಅನ್ನ ಸಾರು ಉಂಡು ಮರೆತರು. ಮಾವ ಮರೆಯಬೇಕಲ್ಲ! ಮಾರನೆಯ ದಿನದಿಂದ ಎಮ್ಮೆ ಕರೆಯುವ ಮುಂಚೆಯೂ ತನ್ನ ಬಲಾಬಲ ವಿಚಾರಿಸತೊಡಗಿದ. "ನೀವು ಯೋಚ್ನೆ ಮುಗಿಸೋ ಗಂಟ ಎಮ್ಮೆ ಕಾಯಲ್ಲ ಕಣ್ರೀ" ಎಂದು ಅತ್ತೆ ಚೊಂಬು ಕಿತ್ತುಕೊಂಡು ತಾನೇ ಕರೆದಳು.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದೆಂದರೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗುವವರೆಗೆ ತಿಂಗಳುಗಟ್ಟಲೆ ಕಾಯುವುದು. ಮಾವನಿಗೆ ಕಾಯುವುದೊಂದು ಬಿಟ್ಟು ಉಳಿದೆಲ್ಲ ಬರುತ್ತಿತ್ತು. ಆಗಾಗ ಹತ್ತಿ, ಕಾಯಿ ಅಲ್ಲಾಡಿಸಿ ನೋಡಿ, ತಡೆಯಲಾರದೆ ನಾಲ್ಕಾರು ಒಡೆದೇಬಿಡುತ್ತಿದ್ದ. ಒಂದು ದಿನ ಅಟ್ಟದ ಮೇಲೆಯೇ ಜ್ಞಾನೋದಯವಾಯಿತು: ತನ್ನ ದೌರ್ಬಲ್ಯ ಆತುರ, ಆದ್ದರಿಂದ ಮನೆಯಲ್ಲಿ ಏಣಿಯೇ ಇರಬಾರದು! ಅಲ್ಲಿಂದಲೇ ಕೂಗಿ ಹೇಳಿ, ಪಕ್ಕದೂರಿಗೆ ಹೊರಟಿದ್ದ ನೆಂಟರ ಗಾಡಿಗೆ ಏಣಿಯನ್ನು ಹಾಕಿಸಿದ. ಗಾಡಿ ಊರು ದಾಟಿದ ಮೇಲೆ ತಿಳಿಯಿತು, ತಾನಿನ್ನೂ ಇಳಿದಿಲ್ಲವೆಂದು. ಮಧ್ಯಾಹ್ನ ಅತ್ತೆ ಕಾಯಿ ಕೀಳುವ ದೋಟಿಯ ತುದಿಗೆ ಬುಟ್ಟಿ ಕಟ್ಟಿ ಮುದ್ದೆ ಏರಿಸಿದಳು. ಯೋಜನೆ ಫಲಿಸಿತೇ ಎಂದು ಕೆಳಗಿನಿಂದ ಕೇಳಿದವರಿಗೆ, ಮುದ್ದೆ ಬರುವ ಹೊತ್ತಿಗಾಗಲೇ ಬೇಜಾರಿಗೆ ಹತ್ತು ಕಾಯಿ ಒಡೆದಿದ್ದ ಮಾವ ಅದೇ ಬುಟ್ಟಿಯಲ್ಲಿ ಹೋಳುಗಳನ್ನು ಇಳಿಸಿದ.

ಇನ್ನು ಅವನ ಬಾಯಿ! ನಮ್ಮ ಚಿಕ್ಕಮ್ಮನಿಗೆ ಗಂಡು ನೋಡಲು ತುರುವೇಕೆರೆ ಕಡೆ ಹೋದಾಗ, ಹುಡುಗ ಒಪ್ಪಿಗೆಯೇ ಎಂದು ಅವರು ಕೇಳಿದ್ದಕ್ಕೆ, ನಿಮ್ಮ ಎತ್ತಿಗೇ ಲಕ್ಷಣ ಜಾಸ್ತಿ ಎಂದುಬಿಟ್ಟ. ಕೊಟ್ಟ ಕಾಫಿ ಕುಡಿದು ಮುಗಿಸಲೂ ಅವರು ಬಿಡಲಿಲ್ಲವಂತೆ.

ಇಂಥ ಬಾಯಿಯ ಮೇಲೆ ನನ್ನ ಭವಿಷ್ಯ ಬಂದು ಕೂತರೆ ಹೇಗಿರಬೇಡ? ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ತಿಪಟೂರಿನ ಕಾಲೇಜಿಗೆ ಹೋಗುವ ಆಸೆಯಲ್ಲಿ ಊಟ ಸೇರುತ್ತಿರಲಿಲ್ಲ. ಹುಡುಗಿಗೆ ಇಷ್ಟು ಓದು ಸಾಕು, ಗಂಡು ನೋಡೋಣ ಎಂದು ಅಪ್ಪ ತೀರ್ಮಾನಿಸಿದ್ದರು. ಅವರೆದುರು ವಾದಿಸುವ ಗಂಡಸು ನಮ್ಮ ಬಳಗದಲ್ಲಿ ಮಾವನೊಬ್ಬನೇ. ಹೋಗಿ ಕೇಳಿಕೊಂಡೆ.

"ಈ ಕೆಲಸಕ್ಕೆ ನನ್ನ ದೌರ್ಬಲ್ಯ ಬಾಯಿ ಕಣವ್ವಾ. ಮನೇಲಿ ಬಿಟ್ಟು ಬರಕ್ಕಾಗಲ್ಲ, ಕಟ್ಟಾಕ್ಕೊಂಡೇ ಬತ್ತೀನಿ" ಎಂದ.

ಕಟ್ಟಿದ್ದು ಎಲೆ ಅಡಿಕೆಯಿಂದ. ಎರಡೂ ಕೆನ್ನೆ ಉಬ್ಬುವಷ್ಟು ತುಂಬಿಕೊಂಡು ಅಪ್ಪನ ಎದುರು ಬಂದು ಕೂತ. ಜಗಳಕ್ಕೆ ಸಿದ್ಧರಾಗಿದ್ದ ಅಪ್ಪ, ಬಸ್ಸಿನಲ್ಲಿ ನೂಕುನುಗ್ಗಲು ಎಂದರು. ಮಾವ ಮಾತಾಡಲಿಲ್ಲ. ಜನ ಆಡಿಕೊಳ್ಳುತ್ತಾರೆ ಎಂದರು. ಮಾತಾಡಲಿಲ್ಲ. ಸುಮ್ಮನೆ ಕೂತ ಮಾವನನ್ನು ಅಪ್ಪ ಮದುವೆಯಾದಾಗಿನಿಂದ ಕಂಡವರೇ ಅಲ್ಲ! ಗಾಬರಿಯಾಗಿ, ಮೈಯಲ್ಲಿ ಹುಷಾರಿದೆಯೇ ಎಂದೂ ಕೇಳಿದರು. ಬಾಗಿಲ ಹಿಂದಿದ್ದ ನಾನು, ಯೋಜನೆ ಗೆದ್ದಿತು ಎಂದೇ ಎಣಿಸಿದೆ.

ಅಷ್ಟರಲ್ಲಿ ಅಪ್ಪ, "ಓದದಿದ್ರೆ ಏನು ಕಳ್ಕೊಂಡಂಗಾಯ್ತು? ನಿಮ್ಮಕ್ಕ ಓದಿಲ್ಲ, ಚೆನ್ನಾಗಿಲ್ವಾ?" ಎಂದರು.

ಮಾವ ಎದ್ದು ಹೋಗಿ ಉಗಿದು ಬಂದ. ಮತ್ತೆ ಕೂರಲಿಲ್ಲ.

"ಅಕ್ಕ ಕ್ಲಾಸಿಗೇ ಮೊದಲು ಬತ್ತಿದ್ಲು ಭಾವ. ಇಬ್ಬರನ್ನೂ ಓದ್ಸಕ್ಕಾಗಲ್ಲ ಅಂತ ನಮ್ಮಪ್ಪ ಅವಳನ್ನ ಬಿಡಿಸಿ ನನ್ನ ಕಳಿಸ್ದ. ನಾನು ಫೇಲಾಗಿ ಬಂದು ಕೂತೆ. ಅವಳ ಮುಖ ನೋಡಿ ಈ ಮಾತು ಆಡಕ್ಕೆ ಇವತ್ತಿಗೂ ನಂಗಾಗಿಲ್ಲ."

ಒಳಗೆ ಅವ್ವ ರೊಟ್ಟಿ ತಟ್ಟುವ ಸದ್ದು ನಿಂತಿತು. ಈ ಸಂಗತಿ ನನಗೂ ಆವತ್ತೇ ಗೊತ್ತಾದದ್ದು. ಅಪ್ಪ ಅಡುಗೆಮನೆಯ ಕಡೆ ನೋಡಿ, ನಾಳೆ ನೀನೇ ಕರೆದುಕೊಂಡು ಹೋಗಿ ಕಾಲೇಜಿಗೆ ಸೇರಿಸಿ ಬಾ ಎಂದು ಮಾವನಿಗೆ ಮೆಲ್ಲಗೆ ಹೇಳಿದರು. ನಾನು ಕುಣಿಯಬೇಕಿತ್ತು, ಅಳು ಬಂತು.

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ತಲೆ ನರೆಯುತ್ತಿದ್ದ ತಮ್ಮನ ಗಲ್ಲದ ಮೇಲೆ ಇಳಿದಿದ್ದ ಎಲೆ ಅಡಿಕೆಯ ಕೆಂಪನ್ನು ಸೆರಗಿನಿಂದ ಒರೆಸುತ್ತಾ, "ನಾನ್ಯಾವತ್ತಾದ್ರೂ ಆ ಲೆಕ್ಕ ನಿನ್ನ ಕೇಳಿದ್ನೇನ್ಲಾ, ಬುಡು" ಎಂದಳು.