ಗೂಡಿನಲ್ಲಿದ್ದ ಮೊಟ್ಟೆ

ನಾನು ಬಿ.ಎಸ್ಸಿ., ಬಿ.ಎಡ್. ಕೊರಟಗೆರೆಯ ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಪ್ರೋಟೀನು, ವಿಟಮಿನ್ನು ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ನನ್ನ ಅಂಗಿಗಳ ಬಲತೋಳು ಶಾಶ್ವತವಾಗಿ ಬೆಳ್ಳಗಾಗಿದೆ. ಇಂಥವನಿಗೆ ಏಳು ತಿಂಗಳ ಮಗುವಿಗೆ ಒಂದು ಮೊಟ್ಟೆ ಬೇಯಿಸಿ ತಿನ್ನಿಸುವುದು ಯಾವ ಘನಕಾರ್ಯ?

ಇದೇ ಮಾತನ್ನು ಹೆಂಡತಿಗೂ ಹೇಳಿದೆ. ಸವಿತಾ ಹೆರಿಗೆ ರಜೆ ಮುಗಿಸಿ ಮಧುಗಿರಿಯ ತನ್ನ ಕಚೇರಿಗೆ ಹೋಗಲು ಶುರುಮಾಡಿ ನಾಲ್ಕು ದಿನವಾಗಿತ್ತು. ನನಗೆ ಬೇಸಿಗೆ ರಜೆ. ಬಸ್ಸಿಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: "ರೀ, ಸಿರಿಗೆ ಇವತ್ತು ಮೊದಲನೇ ಸಲ ಮೊಟ್ಟೆ. ಅಮ್ಮ ಊರಿಂದ ನಾಟಿ ಮೊಟ್ಟೆ ತಂದಿದ್ದಾರೆ. ಅವರು ಗಿರಣಿಯಿಂದ ಬರ್ಲಿ, ಅವರೇ ಮಾಡ್ತಾರೆ. ನೀವು ಏನೂ ಮಾಡ್ಬೇಡಿ, ಸುಮ್ನೆ ಮಗು ಜೊತೆ ಕೂತಿರಿ."

ಏನೂ ಮಾಡಬೇಡಿ! ವಿಜ್ಞಾನದ ಮೇಷ್ಟ್ರಿಗೆ!

ನಮ್ಮ ಅತ್ತೆ ಐ.ಡಿ.ಹಳ್ಳಿಯವರು. ಮೊಮ್ಮಗಳನ್ನು ನೋಡಿಕೊಳ್ಳಲು ಬಂದವರು ಒಂದು ವಾರದಿಂದ ನಮ್ಮಲ್ಲೇ ಇದ್ದರು. ಆ ದಿನ ಮಗುವಿಗೆ ಗಂಜಿಯಂತೆ ಕುಡಿಸುವ ರಾಗಿ ಸರಿಯ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದರು. ಹನ್ನೆರಡು ಗಂಟೆಯಾದರೂ ಬರಲಿಲ್ಲ. ಚಾಪೆಯ ಮೇಲೆ ಕೂತ ಸಿರಿ ತನ್ನ ಕೈಯನ್ನೇ ಚೀಪುತ್ತಿದ್ದಳು. ನಾನು ಕಾರ್ಯಪ್ರವೃತ್ತನಾದೆ.

ಮೊದಲ ಸಮಸ್ಯೆ, ಮೊಟ್ಟೆ ಎಲ್ಲಿದೆ? ಫ್ರಿಜ್ಜಿನಲ್ಲಿಲ್ಲ. ತರಕಾರಿ ಬುಟ್ಟಿಯಲ್ಲಿಲ್ಲ. ಅತ್ತೆ ಮೊಟ್ಟೆಗಳನ್ನು ರಾಗಿಯ ಡಬ್ಬದೊಳಗೆ ಹೂತಿಡುತ್ತಾರೆಂಬುದು ನನಗೆ ಗೊತ್ತಾದದ್ದು ಆಮೇಲೆ. ಹುಡುಕಿ ಹುಡುಕಿ ಕೊನೆಗೆ ಬೀದಿ ಬಾಗಿಲ ಪಕ್ಕ, ಹಿಂದೆ ದೀಪ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಒಂದು ಮೊಟ್ಟೆ ಕಂಡಿತು. ಒಂದೇ ಒಂದು. ಅದರ ಮೇಲೆ ಇದ್ದಿಲಿನ ಮೂರು ಬೊಟ್ಟು.

ಇಲ್ಲಿ ನನ್ನ ವೈಜ್ಞಾನಿಕ ಬುದ್ಧಿ ಕೆಲಸ ಮಾಡಿತು. ಹಳ್ಳಿಯಲ್ಲಿ ಕಾವಿಗೆ ಕೂರಿಸುವ ಮೊಟ್ಟೆಗೆ ಇದ್ದಿಲಿನ ಗುರುತು ಹಾಕುವುದನ್ನು ಚಿಕ್ಕಂದಿನಲ್ಲಿ ಕಂಡವನು ನಾನು. ಗುರುತು ಹಾಕಿದ್ದಾರೆಂದರೆ ಆರಿಸಿದ್ದಾರೆ. ಬೇರೆಯಾಗಿ ಇಟ್ಟಿದ್ದಾರೆಂದರೆ ಮಗುವಿಗೇ ಇಟ್ಟಿದ್ದಾರೆ. ಎಂಥ ತರ್ಕ! ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿದೆ. ಬೊಟ್ಟುಗಳು ಮಾಸಿದವೇ ಹೊರತು ಹೋಗಲಿಲ್ಲ. ಮೇಲೆ ಎರಡು, ಕೆಳಗೆ ಒಂದು. ಎರಡು ಕಣ್ಣು, ಒಂದು ಬಾಯಿ. ಅದು ನನ್ನನ್ನೇ ನೋಡುತ್ತಿರುವಂತೆ ಕಂಡಿತು. ನೀರಿಗೆ ಹಾಕಿ, ಮುಚ್ಚಳ ಮುಚ್ಚಿ, ಒಲೆ ಹಚ್ಚಿದೆ.

ನಮ್ಮ ಬೀದಿಯ ಮಧ್ಯಾಹ್ನ ಹೇಗಿರುತ್ತದೆಂದು ಹೇಳಬೇಕು. ಬಿಸಿಲಿಗೆ ನಾಯಿ ಕೂಡ ಓಡಾಡುವುದಿಲ್ಲ. ಆ ದಿನ ಕರೆಂಟೂ ಇರಲಿಲ್ಲ. ಫ್ಯಾನಿನ ಸದ್ದಿಲ್ಲ, ಟಿವಿಯ ಸದ್ದಿಲ್ಲ. ಗೋಡೆಯ ಹಲ್ಲಿಯೂ ಸುಮ್ಮನಿತ್ತು. ಸಿರಿ ಕೈ ಚೀಪುವುದನ್ನು ನಿಲ್ಲಿಸಿ ನನ್ನ ಭುಜದ ಆಚೆಗೆ ನೋಡಿ ನಕ್ಕಳು. ತಿರುಗಿ ನೋಡಿದೆ. ಅಲ್ಲಿ ಖಾಲಿ ಗೂಡು ಬಿಟ್ಟರೆ ಏನೂ ಇರಲಿಲ್ಲ.

ಆಗ ಯಾರೋ ಬಾಗಿಲು ತಟ್ಟಿದರು. ಟಕ್. ಟಕ್ ಟಕ್.

ಹೋಗಿ ತೆಗೆದೆ. ಯಾರೂ ಇಲ್ಲ. ಈ ತುದಿಯಿಂದ ಆ ತುದಿಯವರೆಗೆ ಬೀದಿ ಬಟಾಬಯಲು. ಬಾಗಿಲು ಹಾಕಿ ಬಂದು ಕೂತೆ. ಟಕ್ ಟಕ್. ಮತ್ತೆ ತೆಗೆದೆ. ಮತ್ತೆ ಯಾರೂ ಇಲ್ಲ. ಮಗು ಅದೇ ಗೂಡಿನ ಕಡೆ ನೋಡಿ ಈ ಸಲ ಕೈ ಬೇರೆ ಚಾಚಿತು.

ದೆವ್ವ, ಗಾಳಿ ಎಂಬುದೆಲ್ಲ ಇಲ್ಲ ಎಂದು ಪ್ರತಿ ವರ್ಷ ಒಂಬತ್ತನೇ ತರಗತಿಗೆ ನಲವತ್ತು ನಿಮಿಷ ಭಾಷಣ ಮಾಡುವವನು ನಾನು. ಬಾಗಿಲಿಗೆ ಚಿಲಕ ಹಾಕುವುದನ್ನೂ ಮರೆತು ಒಳಗೆ ಓಡಿಬಂದೆ.

ಅಡುಗೆಮನೆಯಲ್ಲಿ ಕುದಿಯುವ ನೀರಿನಲ್ಲಿ ಮೊಟ್ಟೆ ಕುಣಿದು ಪಾತ್ರೆಗೆ ಬಡಿದುಕೊಳ್ಳುತ್ತಿತ್ತು. ಟಕ್. ಟಕ್ ಟಕ್.

ನಾನೊಬ್ಬನೇ ಜೋರಾಗಿ ನಕ್ಕೆ. ಇದನ್ನೇ ವೈಜ್ಞಾನಿಕ ಮನೋಭಾವ ಎನ್ನುವುದು! ಹೋದ ಧೈರ್ಯ ದುಪ್ಪಟ್ಟಾಗಿ ವಾಪಸ್ಸು ಬಂದಿತು. ಧೈರ್ಯ ಬರಬಾರದಾಗಿತ್ತು.

ಈ ಬಾಗಿಲಿನ ಗಡಿಬಿಡಿಯಲ್ಲಿ ಮೊಟ್ಟೆ ಅರ್ಧ ಗಂಟೆ ಬೆಂದಿತ್ತು. ಸಿಪ್ಪೆ ಸುಲಿಯಲು ಒಡೆದಾಗ ಬಿರುಕು ಸರಿಯಾಗಿ ಆ ಕೆಳಗಿನ ಬೊಟ್ಟಿನ ಮೂಲಕ ಹಾದು, ಬಾಯಿ ಕಿವಿಯವರೆಗೆ ನಕ್ಕಂತಾಯಿತು. ನಾನು ಲೆಕ್ಕಿಸಲಿಲ್ಲ. ಒಳಗಿನ ಹಳದಿ ಒಣಗಿ ಸೀಮೆಸುಣ್ಣದಂತಾಗಿ, ಸುತ್ತ ಒಂದು ಹಸಿರು ಬಳೆ ಮೂಡಿತ್ತು. ಇದು ಯಾಕೆ ಹೀಗಾಗುತ್ತದೆಂದು ನನಗೆ ಗೊತ್ತು. ಗೊತ್ತಿರುವುದನ್ನು ಹೇಳದೆ ಇರುವ ಅಭ್ಯಾಸ ನನಗಿಲ್ಲ.

"ನೋಡು ಸಿರಿ," ಎಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠ ಆರಂಭಿಸಿದೆ. "ಹಳದಿಯಲ್ಲಿ ಕಬ್ಬಿಣ ಇದೆ. ಬಿಳಿಯಲ್ಲಿ ಗಂಧಕ ಇದೆ. ಜಾಸ್ತಿ ಬೇಯಿಸಿದಾಗ ಇವೆರಡೂ ಸೇರಿ..."

ಬಾಯಿ ಪಾಠ ಮಾಡುತ್ತಿತ್ತು. ಕೈ, ಹಿಸುಕದೆ, ನೀರು ಬೆರೆಸದೆ, ಗೋಲಿ ಗಾತ್ರದ ಹಳದಿಯ ಉಂಡೆಯನ್ನು ಇನ್ನೂ ಒಂದು ಹಲ್ಲೂ ಬಾರದ ಬಾಯಿಗೆ ಹಾಕಿತು.

ಮುಂದಿನದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಉಸಿರು ಕಟ್ಟಿದರೆ ಸದ್ದಾಗುತ್ತದೆ, ಕೆಮ್ಮು ಬರುತ್ತದೆ, ಅಳು ಬರುತ್ತದೆ ಎಂದುಕೊಂಡಿದ್ದೆ. ಏನೂ ಬರಲಿಲ್ಲ. ಸಿರಿ ಬಾಯಿ ತೆರೆದಳು. ಅಳುವ ಮುಖ, ಅಳುವ ಬಾಯಿ, ಅಳುವ ಕಣ್ಣು ಎಲ್ಲವೂ ಇತ್ತು, ಅಳು ಮಾತ್ರ ಇರಲಿಲ್ಲ. ಯಾರೋ ಮಗುವಿನ ಸದ್ದನ್ನು ಆರಿಸಿಬಿಟ್ಟಂತೆ. ತುಟಿಯ ಸುತ್ತ ಬಣ್ಣ ಬದಲಾಗುತ್ತಿತ್ತು. ಮನೆಯೊಳಗೆ ಗಡಿಯಾರದ ಮುಳ್ಳಿನ ಸದ್ದು ಕೇಳುವಷ್ಟು ಮೌನ.

ಆಗ ನಾನು ಏನು ಮಾಡಿದೆ? ನಮ್ಮ ಗೋಡೆಯ ಮೇಲೆ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದ ನನ್ನ ಪ್ರಮಾಣಪತ್ರ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಅದನ್ನು ನೋಡಿದೆ. ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಮೂರು ದಿನ ಅಲ್ಲಿ ಏನು ಕಲಿಸಿದರೆಂಬುದು ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ಪಲಾವ್ ಇತ್ತೆಂಬುದು ಮಾತ್ರ ಸ್ಪಷ್ಟವಾಗಿ ನೆನಪಾಯಿತು!

ಮಗುವಿನ ನೆತ್ತಿ ತಟ್ಟಿದೆ. ಊದಿದೆ.

ಆಗ ಕೇಳಿಸಿತು. ಟಕ್. ಟಕ್ ಟಕ್.

ಒಲೆ ಆರಿಸಿದ್ದೆ. ಪಾತ್ರೆ ಖಾಲಿ ಇತ್ತು. ಮೊಟ್ಟೆ ನನ್ನ ಮುಂದಿನ ತಟ್ಟೆಯಲ್ಲಿ, ಮುರಿದು ಬಿದ್ದಿತ್ತು.

ಬಾಗಿಲು ತಾನಾಗಿಯೇ ತೆರೆದುಕೊಂಡಿತು.

"ಮೇಷ್ಟ್ರೇ, ಏನ್ರೀ ಅದು, ಆವಾಗಿಂದ ಬಾಗ್ಲು ತೆಗೀತೀರ, ಬೀದಿ ನೋಡ್ತೀರ, ಹಾಕ್ಕೋತೀರ... ಯಾ ಅಲ್ಲಾ!"

ಪಕ್ಕದ ಮನೆಯ ಜಬೀನಕ್ಕ. ಸಿರಾದವರು, ನಮ್ಮ ಬೀದಿಯ ಅಂಗನವಾಡಿ ಟೀಚರು. ನನ್ನ ಕೈಯಿಂದ ಮಗುವನ್ನು ಕಸಿದುಕೊಂಡರು, ಬೋರಲು ಮಾಡಿ ಮುಂಗೈ ಮೇಲೆ ಮಲಗಿಸಿಕೊಂಡರು, ತಲೆ ಕೆಳಗೆ ಬಗ್ಗಿಸಿ ದವಡೆಯನ್ನು ಬೆರಳಲ್ಲಿ ಹಿಡಿದರು. ಅಂಗೈಯ ಬುಡದಿಂದ ಬೆನ್ನಿನ ನಡುವೆ ಒಂದು. ಎರಡು. ಮೂರು. ಏಟು ಬಿದ್ದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ನಾಲ್ಕನೆಯದಕ್ಕೆ ಹಳದಿ ಉಂಡೆ ಹಾರಿ ಬಂದು ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

ಸಿರಿ ಅತ್ತಳು. ಆ ಅಳುವಿಗಿಂತ ಇಂಪಾದ ಸದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಜಬೀನಕ್ಕ ಮಗುವನ್ನು ಎದೆಗೊತ್ತಿಕೊಂಡು ನನ್ನ ಕಡೆ ನೋಡಿದರು.

"ಮೇಷ್ಟ್ರೇ, ನೀವ್ಯಾಕೆ ಅಳ್ತೀರಾ? ಎದ್ದೇಳಿ, ಆಸ್ಪತ್ರೆಗೆ ತೋರ್ಸ್ಕೊಂಡ್ ಬರಾಣ."

ಹೊರಡುವ ಅವಸರದಲ್ಲಿ ತಟ್ಟೆಯಲ್ಲಿ ಉಳಿದ ಮೊಟ್ಟೆಯನ್ನು ಇನ್ನೊಂದು ಸಲ ಯಾರ ಬಾಯಿಗೂ ಹೋಗಬಾರದೆಂದು ನಾನೇ ನುಂಗಿಬಿಟ್ಟೆ. ಅದು ಯಾವ ತರ್ಕವೋ ನನಗಿಂದಿಗೂ ತಿಳಿದಿಲ್ಲ.

ವೈದ್ಯೆ ಎದೆ, ಗಂಟಲು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದರು. "ಮೊಟ್ಟೆ ಕೊಡಿ, ಒಳ್ಳೇದೇ. ಚೆನ್ನಾಗಿ ಬೇಯಿಸಿ, ನುಣ್ಣಗೆ ಅರೆದು, ತಾಯಿ ಹಾಲೋ ನೀರೋ ಬೆರೆಸಿ ತೆಳ್ಳಗೆ ಮಾಡಿ. ಮೊದಲ ದಿನ ಚೂರೇ ಚೂರು ಕೊಟ್ಟು ಮೈಮೇಲೆ ಗಂಧೆ, ವಾಂತಿ ಏನಾದರೂ ಬರುತ್ತಾ ನೋಡ್ಕೊಳ್ಳಿ. ಅಂದ ಹಾಗೆ, ತಾವು ಏನು ಕೆಲಸ ಮಾಡ್ತೀರಿ?"

"ರೈತ," ಎಂದೆ. ರೈತರು ಕ್ಷಮಿಸಬೇಕು.

ಮನೆಗೆ ಬಂದರೆ ಅತ್ತೆ ಹಿಟ್ಟಿನ ಚೀಲ ಪಕ್ಕದಲ್ಲಿಟ್ಟುಕೊಂಡು ಖಾಲಿ ಗೂಡಿನ ಮುಂದೆ ನಿಂತಿದ್ದರು. ಜಬೀನಕ್ಕ ನಡೆದದ್ದನ್ನೆಲ್ಲ ಹೇಳಿದರು. ಅತ್ತೆ ಮಗುವನ್ನು ಎತ್ತಿಕೊಂಡು, ಬೆನ್ನು ಸವರಿ, ಬಾಯಿ ಮೂಸಿ, ಎರಡು ಸಲ ಎದೆಗೆ ಕಿವಿಯಿಟ್ಟು ಕೇಳಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಅಳಿಯಂದ್ರೇ, ಗೂಡ್ನಾಗೆ ಮಡಗಿದ್ದ ಮೊಟ್ಟೆ ಎಲ್ಲಿ?"

"ಅದೇ ಅತ್ತೆ, ಮಗುವಿಗೆ ಬೇಯಿಸಿದ್ದು."

"ಅಯ್ಯೋ ನನ್ನವ್ವ!" ಅತ್ತೆ ಗೋಡೆ ಹಿಡಿದುಕೊಂಡು ಕುಸಿದರು. "ಅದು ಕೂಸಿಗೆ ದೃಷ್ಟಿ ತೆಗೆದ ಮೊಟ್ಟೆ ಕಣಪ್ಪಾ! ನಿಮ್ಗೆ ಕಾಣ್ದಂಗೆ ಮೂರು ಸಂಜೆ ನಿವಾಳ್ಸಿ, ಕೂಸಿನ ಮೇಲಿದ್ದುದ್ನೆಲ್ಲ ಇದ್ರೊಳಿಕ್ಕೆ ಇಳ್ಸಿ, ಇವತ್ತು ಮೂರುದಾರಿ ಕೂಡೋ ತಾವ ಮಡಗಿ ಬರಾಣ ಅಂತಿದ್ದೆ. ಅದ್ನ ತಿರುಗ ಕೂಸಿನ ಬಾಯಿಗೇ ಇಟ್ಬುಟ್ರಲ್ಲ!"

ನನ್ನ ಕಿವಿ ಕುಂಕುಮದಂತೆ ಕೆಂಪಾಯಿತು.

"ಉಳಿದಿದ್ದು ಎಲ್ಲೈತೆ?"

ಜಬೀನಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿದರು.

ಸವಿತಾ ಸಂಜೆ ಬಂದಳು. ಬೈಯುತ್ತಾಳೆಂದು ಮೂರು ಬಗೆಯ ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಅವಳು ಎಲ್ಲವನ್ನೂ ಕೇಳಿ, ಮಲಗಿದ್ದ ಮಗುವಿನ ಹೊಟ್ಟೆ ಮೇಲೆ ಕೈಯಿಟ್ಟು ಅದು ಏರಿಳಿಯುವುದನ್ನು ಬಹಳ ಹೊತ್ತು ನೋಡಿದಳು. ಕೊನೆಗೆ, "ರೀ, ಏನೂ ಮಾಡ್ಬೇಡಿ ಅಂದಿದ್ದೆ. ಅಷ್ಟೇ ಅಂದಿದ್ದೆ," ಎಂದಳು. ನನ್ನ ಮೂರು ಉತ್ತರಗಳೂ ನಿರುಪಯುಕ್ತವಾದವು.

ಹತ್ತು ದಿನದ ಮೇಲೆ ಮತ್ತೆ ಮೊಟ್ಟೆಯ ದಿನ ನಿಗದಿಯಾಯಿತು. ನನಗೆ ಅಡುಗೆಮನೆ ಪ್ರವೇಶ ನಿಷಿದ್ಧ. ಹೊರಗೆ ಜಗಲಿಯಲ್ಲಿ ಕೂರಿಸಿದರು. ಒಳಗೆ ಅತ್ತೆ ಅರೆಯುವುದು, ಸವಿತಾ ಹಾಲು ಬೆರೆಸುವುದು, ಜಬೀನಕ್ಕ "ಇನ್ನೂ ತೆಳ್ಳಗೆ, ಇನ್ನೂ ತೆಳ್ಳಗೆ" ಎನ್ನುವುದು ಕೇಳುತ್ತಿತ್ತು. ಆಮೇಲೆ ಮಾತು ನಿಂತಿತು. ಚಮಚದ ಸದ್ದೂ ನಿಂತಿತು.

ಅದೇ ಮೌನ. ಗಡಿಯಾರದ ಮುಳ್ಳಿನ ಸದ್ದು.

"ಬೆನ್ನು ತಟ್ಟಿ! ಬೋರಲು ಹಾಕಿ!" ಎಂದು ಕಿರುಚುತ್ತ ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದೆ. ಮೂವರು ಹೆಂಗಸರೂ ಮಗುವಿನ ಸುತ್ತ ಕೂತು, ಅದು ಚಪ್ಪರಿಸುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಸಿರಿಯ ತುಟಿಯ ಮೇಲೆ ಹಳದಿ ಮೀಸೆ. ನನ್ನ ಕಿರುಚಾಟಕ್ಕೆ ಬೆಚ್ಚಿಬಿದ್ದ ಮಗು ಬಟ್ಟಲನ್ನು ಒದ್ದು, ಸೂರು ಹಾರಿಹೋಗುವಂತೆ ಅಳತೊಡಗಿತು.

"ಚೆನ್ನಾಗ್ ತಿಂತಿತ್ತಲ್ರೀ ಮೇಷ್ಟ್ರೇ!" ಜಬೀನಕ್ಕ ಹಣೆ ಚಚ್ಚಿಕೊಂಡರು.

ಅತ್ತೆ ಎದ್ದು ರಾಗಿ ಡಬ್ಬಕ್ಕೆ ಕೈಹಾಕಿ ಒಂದು ಮೊಟ್ಟೆ ತೆಗೆದರು, ಇದ್ದಿಲಿನಿಂದ ಮೂರು ಬೊಟ್ಟಿಟ್ಟರು. ದೀಪ ಹಚ್ಚುವ ಹೊತ್ತಿಗೆ ಮಗುವನ್ನು ಹೊಸಿಲ ಮೇಲೆ ಕೂರಿಸಿ ನಿವಾಳಿಸಿದರು.

"ಬಂದೋರ ಕಣ್ಣು, ಹೋದೋರ ಕಣ್ಣು, ಓಣಿ ಹೆಂಗಸ್ರ ಕಣ್ಣು, ಬಸ್ಸಿನಾಗಿರೋರ ಕಣ್ಣು..." ಎಂದು ಸುತ್ತುತ್ತ ಒಂದು ಗಳಿಗೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "...ಓದಿರೋ ಅಪ್ಪನ ಕಣ್ಣು."

ಒಂಬತ್ತನೇ ತರಗತಿಯ ಆ ನಲವತ್ತು ನಿಮಿಷದ ಭಾಷಣ ನನಗೆ ಬಾಯಿಪಾಠ. ಅದರ ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಮಗಳ ತುಟಿಯ ಕಡೆ ನೋಡಿದೆ. ಕೆಂಪಗಿತ್ತು.

"ಅತ್ತೆ," ಎಂದೆ, "ಆ ಕೊನೆಯದನ್ನ ಇನ್ನೆರಡು ಸಲ ಹೇಳಿಬಿಡಿ."