ಬೆಂಕಿ ಪಾನಕ ಮತ್ತು ನನ್ನ ಎಡಮೀಸೆ

"ಉರಿಯುವ ಬೆಂಕಿಯನ್ನು ಲೋಟದಲ್ಲಿಟ್ಟು ಅತಿಥಿಗಳಿಗೆ ಕುಡಿಸುತ್ತೇನೆ! ಒಬ್ಬರ ಕೂದಲೂ ಕೊಂಕದಂತೆ ಕುಡಿಸುತ್ತೇನೆ!"

ಹೀಗೆಂದು ನಾನು ಪ್ರತಿಜ್ಞೆ ಮಾಡಿದ್ದು 1955ರ ಮಾರ್ಚ್ ತಿಂಗಳಲ್ಲಿ, ಆದವಾನಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ನಿಂತು. ಕೇಳಿದವಳು ನನ್ನ ಹೆಂಡತಿ ಸುಭದ್ರಮ್ಮ ಒಬ್ಬಳೇ. ಆಕೆ ಅಕ್ಕಿಯ ಕಲ್ಲು ಆರಿಸುತ್ತ, ತಲೆಯನ್ನೂ ಎತ್ತದೆ ಹೇಳಿದಳು:

"ಕೂದಲದ ಮಾತು ಬಿಡ್ರಿ. ಮನಿ ಒಂದು ಉಳದ್ರ ಸಾಕು."

ಆಗ ನಾನು ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೇಷ್ಟ್ರು ಎಂದರೆ ತಾತ್ಕಾಲಿಕ ಮೇಷ್ಟ್ರು. ಎರಡು ವರ್ಷಗಳ ಹಿಂದೆ ನಮ್ಮೂರು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಕರ್ನೂಲಿಗೆ ಸೇರಿತ್ತು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ರಾಜಧಾನಿಯೇ ಬದಲಾಯಿತು. ನಾನೊಬ್ಬ ಮಾತ್ರ ಐದು ವರ್ಷಗಳಿಂದ ಶಾಶ್ವತವಾಗಿ ತಾತ್ಕಾಲಿಕನಾಗಿದ್ದೆ! ಈ ಸಲ ಬಳ್ಳಾರಿಯ ಯಾರೋ ಬಿ.ಎಸ್ಸಿ. ಪದವೀಧರ ನನ್ನ ಕುರ್ಚಿಗೆ ಅರ್ಜಿ ಹಾಕಿದ್ದ. ಶಾಲೆಯ ಅಧ್ಯಕ್ಷರಾದ ಮರಿಬಸಪ್ಪನವರು ಹತ್ತಿಯ ದೊಡ್ಡ ವರ್ತಕರು, ಜಿನ್ನಿಂಗ್ ಫ್ಯಾಕ್ಟರಿಯ ಒಡೆಯರು. ಅವರು ನನ್ನನ್ನು ಕರೆದು, "ಆಂಜಿನಪ್ಪ ಮೇಷ್ಟ್ರ, ಭಾನುವಾರ ಸಂಜಿಗೆ ನಿಮ್ಮ ಮನಿಗೆ ಬರ್ತೀವಿ. ಕುಂತು ಮಾತಾಡಿ, ಇಡೋದೋ ಬಿಡೋದೋ ಮುಗಿಸಿಬಿಡಾಣ" ಎಂದಿದ್ದರು.

ಇಡಬೇಕಾದರೆ ನನ್ನ ವಿಜ್ಞಾನ ಅವರ ಕಣ್ಣಿಗೆ ಕುಕ್ಕಬೇಡವೇ?

ಉಪಾಯ ಹೊಳೆದದ್ದು ನಮ್ಮ ಡ್ರಿಲ್ ಮಾಸ್ತರ ಚಂದ್ರಣ್ಣನಿಂದ. ಅವನು ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದವನು. ಅಲ್ಲಿ ದೊಡ್ಡ ಸಾಹೇಬರು ಗಾಜಿನ ಬಟ್ಟಲಿಗೆ ಬ್ರಾಂದಿ ಸುರಿದು, ಮೇಲೆ ಬೆಂಕಿ ಹಚ್ಚಿ, ನೀಲಿ ಜ್ವಾಲೆಯನ್ನು ನೋಡಿ ಹಿಗ್ಗಿ, ಆಮೇಲೆ ಕುಡಿಯುತ್ತಿದ್ದರಂತೆ.

"ಆದ್ರ ಮೇಷ್ಟ್ರ, ಈಗ ಪಾನನಿರೋಧ ಐತಿ. ಬ್ರಾಂದಿ ವಾಸನಿ ಬಂದ್ರ ಪೊಲೀಸರು ಲೋಟದ ಸಮೇತ ಒಯ್ತಾರ" ಎಂದ ಚಂದ್ರಣ್ಣ.

"ಬ್ರಾಂದಿ ಯಾರಿಗೆ ಬೇಕೋ? ನಮ್ಮಲ್ಲಿ ಬೆಲ್ಲದ ಪಾನಕ ಇಲ್ಲವೇ?" ಎಂದೆ ನಾನು.

ವಿಧಾನ ಸರಳ. ನಿಂಬೆಹಣ್ಣನ್ನು ಎರಡು ಹೋಳು ಮಾಡಿ ರಸ ಹಿಂಡಬೇಕು. ಸಿಪ್ಪೆಯ ಬಟ್ಟಲನ್ನು ಪಾನಕದ ಮೇಲೆ ತೇಲಿಬಿಡಬೇಕು. ಅದರಲ್ಲಿ ಒಂದು ಕರ್ಪೂರದ ಬಿಲ್ಲೆ ಇಟ್ಟು ಹಚ್ಚಬೇಕು. ನೋಡುವವರಿಗೆ ಪಾನಕವೇ ಉರಿದಂತೆ! ಸುರಕ್ಷತೆಗಾಗಿ ಸೂತ್ರಗಳನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬಾಗಿಲಲ್ಲಿ ಒಂದು ಬಕೀಟು ನೀರು ಇರಬೇಕು. ಮೂಲೆಯಲ್ಲಿ ಒಂದು ಬುಟ್ಟಿ ಮರಳಿರಬೇಕು. ಸೀರೆಯ ಸೆರಗು ಸೊಂಟಕ್ಕೆ ಬಿಗಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ತಟ್ಟೆ ಮುಚ್ಚಿ ಬೆಂಕಿಯನ್ನು ಆರಿಸಬೇಕು, ಆಮೇಲೆಯೇ ಕುಡಿಯಬೇಕು.

ಶನಿವಾರ ಮಧ್ಯಾಹ್ನ ಪರೀಕ್ಷೆ ನಡೆಯಿತು. ಜ್ವಾಲೆ ಎದ್ದಿತು. ಆಹಾ, ಏನು ಸೊಬಗು! ನಾನು ಆನಂದದಲ್ಲಿ ಮೈಮರೆತು, "ನೋಡು ಸುಭದ್ರಾ, ಹೀಗೆ!" ಎಂದು ಲೋಟವನ್ನು ನೇರವಾಗಿ ತುಟಿಗೆ ಎತ್ತಿದೆ.

ಸೂತ್ರ ಬರೆದವನು ನಾನೇ. ದಪ್ಪಕ್ಷರದಲ್ಲಿ ಬರೆದವನು ನಾನೇ. ಚುರ್ ಎಂದು ಎಡಗಡೆಯ ಮೀಸೆ ಕಳೆದುಕೊಂಡವನೂ ನಾನೇ!

"ಅಯ್ಯಯ್ಯ! ಗೋಡಿ ಮ್ಯಾಲೆ ಬರದದ್ದು ನನಗೊಬ್ಬಾಕಿಗೇನ್ರಿ?" ಎಂದು ಸುಭದ್ರಮ್ಮ ಬೆಣ್ಣೆ ತಂದು ಸವರಿದಳು. ನಾನು ಕನ್ನಡಿ ನೋಡಿ, ಉಳಿದ ಅರ್ಧವನ್ನೂ ತೆಗೆದುಬಿಡಲು ಕ್ಷೌರದ ಕತ್ತಿ ಹಿಡಿದೆ. ಆಕೆ ಕೈ ಅಡ್ಡ ಹಾಕಿದಳು.

"ಬ್ಯಾಡ್ರಿ! ತಂದಿ ಬದುಕಿದ್ದಾಗ ಮೀಸಿ ತಗೀಬಾರದು. ನೋಡಿದ ಮಂದಿ ಮಾವನವರು ಹೋದ್ರು ಅಂದ್ಕೋತಾರ."

"ಹಾಗಾದರೆ ಅಧ್ಯಕ್ಷರನ್ನು ಅರ್ಧ ಮೀಸೆಯಲ್ಲಿ ಎದುರುಗೊಳ್ಳಲೇನು? ಇದು ವಿಜ್ಞಾನದ ಯುಗ!" ಎಂದು ಗುಡುಗಿ, ಬೋಳಿಸಿಯೇಬಿಟ್ಟೆ.

ಭಾನುವಾರ ಬೆಳಗ್ಗೆ ಬಾಗಿಲು ತೆರೆದಾಗ ಎದುರುಮನೆಯ ಎರ್ರಮ್ಮ ನೀರಿನ ಕೊಡ ಹೊತ್ತು ಬರುತ್ತಿದ್ದಳು. ನನ್ನ ಮುಖವನ್ನು ನೋಡಿದವಳೇ ಕೊಡವನ್ನು ಕೆಳಗಿಟ್ಟು, "ಅಯ್ಯೋ ದೇವುಡಾ!" ಎಂದು ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಮೀಸೆಯಿಲ್ಲದ ನನ್ನ ಮುಖ ಅಷ್ಟು ಕೆಟ್ಟದಾಗಿದೆಯೇ ಎಂದು ನಾನು ನೊಂದುಕೊಂಡೆ. ಆಕೆಯ ಗಂಡ ಹಾಲಹರವಿ ಬಸ್ಸಿನ ಕಂಡಕ್ಟರ್ ಎಂಬುದಾಗಲಿ, ನನ್ನ ತಂದೆ ಇರುವ ಊರು ಹಾಲಹರವಿ ಎಂಬುದಾಗಲಿ ಆಗ ನನ್ನ ತಲೆಗೆ ಬರಲಿಲ್ಲ.

ಸಂಜೆ ಐದಕ್ಕೆ ಮರಿಬಸಪ್ಪನವರು ಶಾಲೆಯ ಕಾರ್ಯದರ್ಶಿ ಗುರುಪಾದಯ್ಯನವರೊಡನೆ ಬಂದರು. ಬಾಗಿಲಲ್ಲೇ ನನ್ನನ್ನು ಕಂಡು ಇಬ್ಬರೂ ಗಕ್ಕನೆ ನಿಂತರು. ಮೀಸೆ ಇಲ್ಲದ ಮುಖ. ಬರಿದಾದ ಪಡಸಾಲೆ, ಏಕೆಂದರೆ ಚಾಪೆ ಪರದೆಗಳನ್ನೆಲ್ಲ ಬೆಂಕಿಗೆ ಹೆದರಿ ಹಿತ್ತಲಿಗೆ ಸಾಗಿಸಿದ್ದೆ. ಬಾಗಿಲಲ್ಲಿ ಬಕೀಟು ನೀರು. ಇಬ್ಬರೂ ಮುಖ ಮುಖ ನೋಡಿಕೊಂಡು, ನಿಟ್ಟುಸಿರು ಬಿಟ್ಟು, ಬಕೀಟಿನ ನೀರನ್ನೆಲ್ಲ ಕಾಲಿಗೆ ಸುರಿದುಕೊಂಡು ಒಳಗೆ ಬಂದರು.

ನನ್ನ ಸುರಕ್ಷತೆಯ ಮೊದಲನೆಯ ಸೂತ್ರ ಅಂಗಳದಲ್ಲಿ ಹರಿದುಹೋಯಿತು.

"ಮೇಷ್ಟ್ರ, ಏನೂ ಹೇಳಬ್ಯಾಡ್ರಿ. ನಮಗ ತಿಳೀತು" ಎಂದರು ಮರಿಬಸಪ್ಪನವರು, ನನ್ನ ಭುಜದ ಮೇಲೆ ಕೈಯಿಟ್ಟು.

"ಇಲ್ರಿ, ಅದು ಹಂಗಲ್ಲ..."

"ಹಂಗ ಅನಸ್ತೈತ್ರಿ. ನಮ್ಮ ತಂದಿ ಹೋದಾಗ ನಾನೂ ಒಂದು ವಾರ 'ಹಂಗಲ್ಲ, ಹಂಗಲ್ಲ' ಅಂತಿದ್ದೆ."

ಗುರುಪಾದಯ್ಯನವರು ಕಣ್ಣೊರೆಸಿಕೊಂಡರು. "ಎಂಥಾ ಮನಷ್ಯಾ! ದೇವರಂಥವರು."

"ನೀವು ಅವರನ್ನ ನೋಡೀರೇನ್ರಿ?" ಎಂದೆ ನಾನು ಚಕಿತನಾಗಿ.

"ಇಲ್ಲ. ಆದ್ರೂ ದೇವರಂಥವರು."

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. "ಗುರುಪಾದಯ್ಯ, ಹಿರಿಯರು ಹೋದ ಮನಿ. ಇನ್ನ ಮಗನ ನೌಕರಿ ತಾತ್ಕಾಲಿಕ ಅಂದ್ರ ಶಿವ ಮೆಚ್ಚಂಗಿಲ್ಲ. ಆ ಬಳ್ಳಾರಿ ಹುಡುಗಗ ಇಲ್ಲ ಅಂತ ಬರೀರಿ. ಇವರಿಗೆ ನಾಳಿಗೇ ಖಾಯಂ ಆರ್ಡರ್ ಕೊಡ್ರಿ."

ಓದುಗರೇ, ನಿಮ್ಮ ಮುಂದೆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ತೆರೆದ ಬಾಯಿಯನ್ನು ಮುಚ್ಚಿಕೊಂಡೆ! ಹಾಲಹರವಿಯಲ್ಲಿ ದಿನಕ್ಕೆ ಆರು ಜೋಳದ ರೊಟ್ಟಿಗಳನ್ನು ಜೀರ್ಣಿಸಿಕೊಳ್ಳುತ್ತಿದ್ದ ನನ್ನ ತಂದೆ ನಾಳೆಯ ತನಕ ಮಾತ್ರ ಸತ್ತಿರಲಿ, ಆರ್ಡರ್ ಕೈಗೆ ಬಂದ ಮೇಲೆ ಬದುಕಿಸಿಕೊಂಡರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಪಾಪಪ್ರಜ್ಞೆಯನ್ನು ಮರೆಸಲು ಎರಡು ಸಲ ಕೆಮ್ಮಿದೆ.

ಎರಡು ಕೆಮ್ಮು ಎಂದರೆ "ಹಚ್ಚಿಕೊಂಡು ಬಾ" ಎಂದು ಸುಭದ್ರಮ್ಮನಿಗೆ ನಾನೇ ಹೇಳಿಕೊಟ್ಟಿದ್ದ ಸನ್ನೆ!

ಆಕೆ ಸೊಂಟಕ್ಕೆ ಸೆರಗು ಬಿಗಿದು, ತಟ್ಟೆಯಲ್ಲಿ ಮೂರು ಹಿತ್ತಾಳೆಯ ಲೋಟಗಳನ್ನು ಹಿಡಿದು ಬಂದಳು. ಮೂರರ ಮೇಲೂ ಕರ್ಪೂರ ಧಗಧಗನೆ ಉರಿಯುತ್ತಿತ್ತು. ನಮ್ಮ ಕಡೆ ಕರ್ಪೂರ ಉರಿಯುವುದನ್ನು ಕಂಡು ಕೂತೇ ಇರುವ ಮನುಷ್ಯ ಹುಟ್ಟಿಲ್ಲ. ಇಬ್ಬರೂ ಧಿಗ್ಗನೆ ಎದ್ದು, "ಶಿವ ಶಿವಾ!" ಎಂದು ಕೈ ಮುಗಿದರು. ಮರಿಬಸಪ್ಪನವರು ಭಕ್ತಿಯಿಂದ ಬಗ್ಗಿ, ಜ್ವಾಲೆಗೆ ಅಂಗೈ ಒಡ್ಡಿ ಕಣ್ಣಿಗೊತ್ತಿಕೊಂಡರು. ಅವರು ಬಂದದ್ದು ಜಿನ್ನಿಂಗ್ ಫ್ಯಾಕ್ಟರಿಯಿಂದ ನೇರವಾಗಿ. ಹೆಗಲ ಮೇಲಿನ ಶಲ್ಯದ ತುಂಬ ಅರಳೆಯ ಎಳೆಗಳು. ಶಲ್ಯದ ತುದಿ ಜಾರಿ ಲೋಟದ ಮೇಲೆ ಬಿತ್ತು.

ಭುಗ್!

"ಬೆಂಕಿ! ಗೋದಾಮಿಗೆ ಬೆಂಕಿ! ಹತ್ತಿ ಹೊರಗ ಹಾಕ್ರಿ!" ಎಂದು ಅಧ್ಯಕ್ಷರು ಇಪ್ಪತ್ತು ವರ್ಷಗಳ ಅಭ್ಯಾಸಬಲದಿಂದ ಕೂಗಿದರು. ನಾನು ಬಕೀಟಿಗೆ ಓಡಿದೆ, ಖಾಲಿ! ಮರಳಿನ ಬುಟ್ಟಿಯನ್ನು ಎತ್ತಿ ಗುರಿಯಿಟ್ಟು ಎರಚಿದೆ. ಅದು "ಅಯ್ಯೋ" ಎಂದು ತೆರೆದಿದ್ದ ಗುರುಪಾದಯ್ಯನವರ ಬಾಯಿಗೆ ಹೋಯಿತು. ಸುಭದ್ರಮ್ಮ ಮಾತ್ರ ಒಂದು ಮಾತೂ ಆಡದೆ ಒಳಗೆ ಹೋಗಿ, ಕೊಡದಲ್ಲಿದ್ದ ಪಾನಕವನ್ನೆಲ್ಲ ತಂದು ಅಧ್ಯಕ್ಷರ ತಲೆಯ ಮೇಲಿಂದ ಅಭಿಷೇಕ ಮಾಡಿದಳು. ಬೆಂಕಿ ಆರಿತು.

ಮರಿಬಸಪ್ಪನವರ ಮೂಗಿನ ತುದಿಯಿಂದ ಏಲಕ್ಕಿಯ ಪರಿಮಳ ತೊಟ್ಟಿಕ್ಕುತ್ತಿತ್ತು.

ಆಗ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದು. ಹೆಗಲ ಮೇಲೆ ಕಂಬಳಿ, ಬಗಲಲ್ಲಿ ರೊಟ್ಟಿಯ ಗಂಟು. ನನ್ನ ತಂದೆ ಮೂಕಪ್ಪ!

"ಲೇ ಆಂಜಿನಿ, ನಾ ಸತ್ತೀನಂತ ಬಸ್ಸಿನ್ಯಾಗ ಹೇಳಿದ್ರು. ಖರೇನೋ ಸುಳ್ಳೋ ನೋಡಿಕೊಂಡು ಹೋಗಾಣ ಅಂತ ಬಂದೆ."

"ಇವರು ಯಾರ್ರೀ?" ಎಂದರು ಮರಿಬಸಪ್ಪನವರು.

"ದೇವರಂಥವರು" ಎಂದೆ ನಾನು ಕ್ಷೀಣವಾಗಿ.

ಇನ್ನು ಮುಚ್ಚಿಡುವುದೇನು ಉಳಿದಿತ್ತು? ಮೀಸೆಯ ಕಥೆ, ಪಾನಕದ ಕಥೆ, ನಾಳೆಯ ತನಕ ಸುಮ್ಮನಿರಲು ಮಾಡಿದ ಲೆಕ್ಕ, ಎಲ್ಲವನ್ನೂ ಒಪ್ಪಿಸಿದೆ. ಅಧ್ಯಕ್ಷರ ಮುಖ ಸುಟ್ಟ ಶಲ್ಯಕ್ಕಿಂತ ಕಪ್ಪಾಯಿತು.

"ಇದನ್ನ ಕುಡಿಯೋದಾ? ಬೆಂಕೀನ?"

"ಸುರಕ್ಷಿತವಾಗೇ ಮಾಡಿದ್ದೆ ರೀ..."

"ಗುರುಪಾದಯ್ಯ, ಬಳ್ಳಾರಿ ಹುಡುಗಗ ತಂತಿ ಕೊಡ್ರಿ!"

ಗುರುಪಾದಯ್ಯನವರು ಮರಳು ಉಗುಳಿ ತಲೆಯಾಡಿಸಿದರು. ಐದು ವರ್ಷಗಳ ನನ್ನ ಕನಸು ಪಾನಕದೊಡನೆ ಮೋರಿಯ ಕಡೆಗೆ ಹರಿಯತೊಡಗಿತು. ಸುಭದ್ರಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅದನ್ನು ಕಂಡ ನನ್ನ ತಂದೆ ಕೋಲೂರಿ ಮುಂದೆ ಬಂದರು.

"ಬುದ್ಧೀ, ಒಂದು ಮಾತು. ನಾ ಸತ್ತೀನಂತ ನೌಕರಿ ಕೊಟ್ರಿ, ಬದುಕೀನಂತ ಕಸಗೊಂಡ್ರಿ. ಹಿಂಗಾದ್ರ ನನ್ನ ಮಗ ದಿನಾ ಎದ್ದು ನನ್ನ ಮೂಗಿಗೆ ಬೆರಳಿಟ್ಟು ನೋಡ್ತಾನ. ನಾ ನೆಮ್ಮದಿಲಿಂದ ಬದುಕೋದು ಹೆಂಗ್ರೀ?"

ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. ತುಟಿಯ ಮೇಲಿನ ಪಾನಕವನ್ನು ಅರಿಯದೆ ನೆಕ್ಕಿದರು. ಇನ್ನೊಮ್ಮೆ ನೆಕ್ಕಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಪಡಸಾಲೆಯೇ ಅದುರುವಂತೆ ನಕ್ಕರು!

"ಆತಜ್ಜಾ! ಕೊಟ್ಟ ಮಾತು ಕೊಟ್ಟಂಗ. ತಂಗೀ ಸುಭದ್ರಮ್ಮ, ಪಾನಕ ಉಳದಿದ್ರ ಒಂದು ಲೋಟ ತಾರವ್ವಾ, ಬೆಂಕಿ ಇಲ್ಲದ್ದು."

ಮರುದಿನ ಮಧ್ಯಾಹ್ನ ಖಾಯಂ ಆರ್ಡರ್ ಬಂದೇಬಂತು! ನಾನು ಹೆಂಡತಿಯನ್ನೂ ತಂದೆಯನ್ನೂ ಎದುರಿಗೆ ಕೂರಿಸಿಕೊಂಡು, ಇಲ್ಲದ ಮೀಸೆಯನ್ನು ತಿರುವಿ, ಗಟ್ಟಿಯಾಗಿ ಓದಿದೆ:

"ಶ್ರೀ ಆಂಜಿನಪ್ಪನವರನ್ನು ಇಂದಿನಿಂದ ಖಾಯಂ ಮಾಡಲಾಗಿದೆ. ಅವರು ವಿಜ್ಞಾನವನ್ನು ಬಳ್ಳಾರಿಯಿಂದ ಬರುವವರಿಗೆ ಒಪ್ಪಿಸಿ, ಇನ್ನು ಮುಂದೆ ಕನ್ನಡ ವ್ಯಾಕರಣವನ್ನು ಬೋಧಿಸತಕ್ಕದ್ದು. ಅದಕ್ಕೆ ಕಡ್ಡಿಪೆಟ್ಟಿಗೆಯ ಅಗತ್ಯ ಬೀಳುವುದಿಲ್ಲ."