ಹೋಗುವವಳಿಗೆ ಹೋಳಿಗೆ

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಗೆ ಬಂದವರು ಕುಳಿತಿರುವಷ್ಟು ಹೊತ್ತು ನನಗೆ ಅವರ ಮೇಲೆ ಅಂಥ ಪ್ರೀತಿಯೇನೂ ಉಕ್ಕುವುದಿಲ್ಲ. ಒಂದು ಕಣ್ಣು ಟೀವಿಯ ಮೇಲಿರುತ್ತದೆ, ಇನ್ನೊಂದು ಗಡಿಯಾರದ ಮೇಲೆ. ಅವರು 'ಸರಿ, ಹೊರಡ್ತೀವಿ' ಎಂದು ಎದ್ದು ನಿಂತರೋ, ಆಗ ನನ್ನ ಕರುಳು ಚುರುಕ್ ಎನ್ನುತ್ತದೆ. 'ಇದೇನ್ರೀ ಇಷ್ಟು ಬೇಗ? ಕೂತ್ಕೊಳ್ಳಿ, ಮಾತೇ ಆಡ್ಲಿಲ್ಲ' ಎನ್ನುತ್ತೇನೆ. ನಾನೊಬ್ಬನೇ ಹೀಗಲ್ಲ. ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚ್ ಬಡಾವಣೆಯಲ್ಲಿ ಗುಡ್ಡದ ಮೇಲೆ ಮನೆ ಮಾಡಿರುವ ನನ್ನ ಗೆಳೆಯ ಶ್ರೀನಾಥ ಇದರಲ್ಲಿ ನನಗಿಂತ ಒಂದು ಕೈ ಮೇಲು. ಹೋದ ವರ್ಷ ಅವನ ಮನೆಗೆ ಊಟಕ್ಕೆ ಹೋಗಿದ್ದೆವು. ಮೂರು ಗಂಟೆ ಫೋನ್ ನೋಡುತ್ತ ಕುಳಿತಿದ್ದವನು, ನಾನು ಕಾರು ಸ್ಟಾರ್ಟ್ ಮಾಡಿದ ಕೂಡಲೇ ಕಿಟಕಿಯೊಳಗೆ ತಲೆ ತೂರಿಸಿ ತಾಯಿಯ ಮಂಡಿ ಆಪರೇಷನ್ನಿನ ಕತೆಯನ್ನು ಅನಸ್ತೇಷಿಯಾದಿಂದ ಹಿಡಿದು ಫಿಸಿಯೋಥೆರಪಿಯವರೆಗೆ ಹೇಳಿದ. ಎದುರು ಮನೆಯಾಕೆ ಹೊರಗೆ ಬಂದು, ಏನಾದರೂ ಅಪಘಾತವಾಯಿತೇ ಎಂದು ವಿಚಾರಿಸಿಕೊಂಡು ಹೋದಳು.

ಈ ದೌರ್ಬಲ್ಯ ಮನೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಒಂದು ಇಡೀ ವಾಲಿಬಾಲ್ ತಂಡವನ್ನೇ ಮುಳುಗಿಸುವುದರಲ್ಲಿತ್ತು.

ನಾನು ಲಾಸ್ ಏಂಜಲೀಸಿನ ಒಂದು ಪುಟ್ಟ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಹೆಸರು ಹೇಳಿ ಪ್ರಯೋಜನವಿಲ್ಲ. ಕಾಲೇಜಿನ ಹಿಂದಿನ ರಸ್ತೆಯಲ್ಲಿರುವವರೇ 'ಹೌದಾ, ಅಲ್ಲೊಂದು ಕಾಲೇಜಿದೆಯಾ?' ಎನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ಒಂದು ಮೀಟಿಂಗಿನಲ್ಲಿ, ಕ್ರೀಡಾ ವಿಭಾಗಕ್ಕೂ ಅಧ್ಯಾಪಕರಿಗೂ ನಡುವೆ ಓಡಾಡಲು ಒಬ್ಬರು ಬೇಕು ಎಂದರು. ಎಲ್ಲರೂ ತಲೆ ತಗ್ಗಿಸಿ ಲ್ಯಾಪ್‌ಟಾಪ್ ನೋಡತೊಡಗಿದರು. ನನ್ನ ಲ್ಯಾಪ್‌ಟಾಪಿನ ಚಾರ್ಜ್ ಮುಗಿದಿತ್ತು. ತಲೆಯೆತ್ತಿ ಕುಳಿತಿದ್ದವನು ನಾನೊಬ್ಬನೇ ಆದ್ದರಿಂದ ಆ ಹುದ್ದೆ ನನ್ನ ಕೊರಳಿಗೆ ಬಿತ್ತು. ನನ್ನ ಕ್ರೀಡಾ ಸಾಧನೆ ಎಂದರೆ ದಾವಣಗೆರೆಯ ಹೈಸ್ಕೂಲಿನಲ್ಲಿ ಖೋ ಖೋ ಆಡಿದ್ದು. ಅದರಲ್ಲೂ ನಾನು ಕುಳಿತ ಜಾಗದಿಂದ ಏಳುವ ಪ್ರಸಂಗ ಬಂದದ್ದು ಎರಡೇ ಸಲ. ಒಂದು ಸಲ ಇರುವೆ ಕಚ್ಚಿತ್ತು.

ನಾನು ಹುದ್ದೆಗೇರುವ ಹೊತ್ತಿಗೆ ಸರಿಯಾಗಿ ಈ ದೇಶದ ಕಾಲೇಜು ಕ್ರೀಡೆಯೇ ತಲೆಕೆಳಗಾಗಿತ್ತು. ಮೊದಲೆಲ್ಲ ಕಾಲೇಜಿಗಾಗಿ ಆಡುವವರು ಒಂದು ಕಾಸನ್ನೂ ಮುಟ್ಟುವ ಹಾಗಿರಲಿಲ್ಲ, ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. ಈಗ ಆಟಗಾರರಿಗೆ ಹಣ ಕೊಡಬಹುದು. ಬೇರೆ ಕಾಲೇಜಿಗೆ ಹೋಗುವ ಮನಸ್ಸಿದ್ದರೆ ಪೋರ್ಟಲ್ ಎಂಬ ಪಟ್ಟಿಯಲ್ಲಿ ಹೆಸರು ಹಾಕಿದರೆ ಸಾಕು. ನಮ್ಮಲ್ಲಿ ವಧೂವರರ ಹೆಸರನ್ನು ವೆಬ್‌ಸೈಟಿಗೆ ಹಾಕಿ ಕಾಯುವ ಹಾಗೆ ಕಾಯಬಹುದು. ಬೇಡವೆನಿಸಿದರೆ ಹೆಸರು ಹಿಂದಕ್ಕೆ ಪಡೆಯಲೂಬಹುದು. ದುಡಿದ ಮಕ್ಕಳಿಗೆ ದುಡ್ಡು ಸಿಗುವುದು ನ್ಯಾಯವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮಂಥ ಪುಟ್ಟ ಕಾಲೇಜಿನ ಪಾಡು ಗಿಡದ ನರ್ಸರಿಯ ಪಾಡಾಯಿತು. ಬೀಜ ಹಾಕಿ, ನೀರು ಹೊಯ್ದು, ಕುಂಡದಲ್ಲಿ ಬೆಳೆಸುವವರು ನಾವು. ಮೊಗ್ಗು ಬಿಟ್ಟ ದಿನ ದೊಡ್ಡ ಯೂನಿವರ್ಸಿಟಿಯವರು ಬಂದು ಕುಂಡದ ಸಮೇತ ಎತ್ತಿಕೊಂಡು ಹೋಗುತ್ತಾರೆ.

ಹಣ ಕೊಡಲು ನಾವೂ ಪ್ರಯತ್ನಿಸಲಿಲ್ಲವೆಂದಲ್ಲ. ನಾನೇ ಊರೆಲ್ಲ ಅಲೆದು ಒಬ್ಬ ಪ್ರಾಯೋಜಕನನ್ನು ಹಿಡಿದುಕೊಂಡು ಬಂದೆ. ಆತನದು ಟೈರ್ ಅಂಗಡಿ. ನಮ್ಮ ತಂಡದ ಅತ್ಯುತ್ತಮ ಆಟಗಾರ್ತಿ ಅಂಗಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ವರ್ಷವಿಡೀ ವೀಲ್ ಬ್ಯಾಲೆನ್ಸಿಂಗ್ ಉಚಿತ ಎಂದ. ಅವಳು ಫೋಟೋ ತೆಗೆಸಿಕೊಂಡಳು. ಅವಳ ಹತ್ತಿರ ಕಾರು ಇರಲಿಲ್ಲ.

ಅವಳೇ ಕೇಲಾ. ಆರಡಿ ಎತ್ತರ, ಚೆಂಡನ್ನು ನೆಟ್ಟಿನ ಮೇಲೆ ಹೂವಿನಂತೆ ಎತ್ತಿಕೊಡುವ ಕೈ. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮೊದಲನೆಯವಳಾಗಿ ಪಾಸಾದವಳು. ಸ್ಯಾನ್ ಡಿಯೇಗೋದ ಒಂದು ದೊಡ್ಡ ಯೂನಿವರ್ಸಿಟಿ ಅವಳನ್ನು ಕರೆಯಿತು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಡೆಲ್ ಮಾರ್‌ನಲ್ಲಿ ಸಮುದ್ರಕ್ಕೆ ಮುಖ ಮಾಡಿ ಮನೆ ಕಟ್ಟಿಕೊಂಡಿದ್ದಾನಂತೆ, ಕೂಲಿಂಗ್ ಗ್ಲಾಸ್ ವ್ಯಾಪಾರ. ಜಾಹೀರಾತಿಗಾಗಿ ಅವನ ಕನ್ನಡಕ ಹಾಕಿಕೊಂಡರೆ ಕೇಲಾಳಿಗೆ ನನ್ನ ಸಂಬಳ ನಾಚುವಂಥ ಮೊತ್ತ. ವಾಲಿಬಾಲ್ ಆಡುವುದು ಸೂರಿನ ಕೆಳಗೆ, ಅಲ್ಲಿ ಬಿಸಿಲೆಲ್ಲಿ ಬಂತು ಎಂದು ನಾನು ಕೇಳಲಿಲ್ಲ. ಹೊಟ್ಟೆಕಿಚ್ಚು ಎಂದಾರು.

ಮರುದಿನ ಕೋಚ್ ಗ್ರೇಸ್ ನನ್ನ ಆಫೀಸಿಗೆ ಬಂದು ಕುಳಿತರು. ಇಪ್ಪತ್ತು ವರ್ಷದಿಂದ ಆ ತಂಡವನ್ನು ಸಾಕಿದವರು. ವ್ಯಾನ್ ಓಡಿಸುವುದು, ಜೆರ್ಸಿ ಒಗೆಯುವುದು, ನೆಟ್ ಹೊಲಿಯುವುದು ಎಲ್ಲ ಅವರೇ. ಇಲ್ಲಿ ಮಾತಾಡುವ ಕಾಲೇಜಿನವರೆಲ್ಲ ಇಂಗ್ಲಿಷಿನಲ್ಲೇ ಮಾತಾಡಿದ್ದು, ನನ್ನ ಕಿವಿಗೆ ಕೇಳಿದ್ದು ಹೀಗೆ. "ಪ್ರೊಫೆಸರ್, ಡೀನ್ ಕಡ್ಡಿ ಮುರಿದ ಹಾಗೆ ಹೇಳಿದಾರೆ. ಮುಂದಿನ ಸೀಸನ್‌ಗೆ ಹತ್ತು ಜನ ಸೈನ್ ಮಾಡದಿದ್ರೆ ಟೀಮ್ ಕ್ಲೋಸ್. ಕೇಲಾ ಹೋದ್ರೆ ಸರಿಯಾಗಿ ಹತ್ತು. ಇನ್ನೊಬ್ಬಳು ಹೋದ್ರೂ ನಾನು ಮನೆಗೆ ಹೋಗ್ಬೇಕು." ಅವರ ಕಣ್ಣಲ್ಲಿ ನೀರಿತ್ತು. ಚಿಂತೆ ಮಾಡಬೇಡಿ, ನಾನಿದ್ದೇನೆ ಎಂದೆ. ನಾನು ಇದ್ದದ್ದೇ ತಪ್ಪಾಯಿತು.

ಟೊರೆನ್ಸಿನಲ್ಲಿರುವ ನಮ್ಮ ಮನೆಗೆ ಬಂದು ಹೆಂಡತಿ ವತ್ಸಲೆಗೆ ವಿಷಯ ಹೇಳಿದೆ. ತಂಡವನ್ನೆಲ್ಲ ಒಂದು ದಿನ ಊಟಕ್ಕೆ ಕರೆದರೆ ಉಳಿದವರಿಗೆ ಒಗ್ಗಟ್ಟು ಬರುತ್ತದೆ ಎಂಬುದು ನನ್ನ ಲೆಕ್ಕಾಚಾರ. ವತ್ಸಲೆಯ ಕಿವಿಗೆ ಬಿದ್ದದ್ದು ಒಂದೇ ಸಂಗತಿ. "ಅಂದ್ರೆ ಆ ಎತ್ತರದ ಹುಡ್ಗಿ ಹೊರಟುಬಿಟ್ಲಾ? ರೀ, ಪಾಪ, ಹೆಣ್ಣುಮಗು ಊರು ಬಿಟ್ಟು ಹೋಗ್ತಿದೆ. ಬರಿಗೈಲಿ ಕಳ್ಸಕ್ಕಾಗತ್ತಾ?"

"ಸ್ಯಾನ್ ಡಿಯೇಗೋ ಕಣೇ. ಟ್ರಾಫಿಕ್ ಇಲ್ದಿದ್ರೆ ಎರಡು ಗಂಟೆ."

"ಟ್ರಾಫಿಕ್ ಇಲ್ದೇ ಇರೋದನ್ನ ನೀವು ಯಾವತ್ತು ನೋಡಿದೀರಿ?" ಎಂದವಳೇ ಕಡಲೆಬೇಳೆ ತೊಳೆಯಲು ಎದ್ದಳು. ನಾನು ತಡೆಯಬೇಕಿತ್ತು. ಹೊರಟವಳೆಂದ ಕೂಡಲೇ ನನ್ನ ಕರುಳೂ ಚುರುಕ್ ಎಂದಿತ್ತಲ್ಲ, ತಡೆಯಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೊಂದು ಹುಡುಗಿಯರೂ ಕೋಚ್ ಗ್ರೇಸ್ ಅವರೂ ಬಂದರು. ಬಿಸಿಬೇಳೆಬಾತು, ಮೊಸರನ್ನ, ಹೋಳಿಗೆ. ಊಟವಾದ ಮೇಲೆ ವತ್ಸಲೆ ಹಜಾರದ ನಡುವೆ ಮಣೆ ಹಾಕಿ ಕೇಲಾಳನ್ನು ಕೂರಿಸಿದಳು. ಕೂತರೂ ಅವಳ ತಲೆ ವತ್ಸಲೆಯ ಭುಜಕ್ಕೆ ಬರುತ್ತಿತ್ತು. ಅರಿಶಿನ ಕುಂಕುಮ ಇಟ್ಟಳು, ಹೂ ಮುಡಿಸಿದಳು. ಚೆಂಡು ಹೊಡೆದು ಹೊಡೆದು ಅಗಲವಾದ ಕೈಗೆ ಬಳೆ ಏರಲಿಲ್ಲ; ಸೋಪು ಹಚ್ಚಿ ಏರಿಸಿದಳು. ಮಡಿಲು ತುಂಬಲು ಸೆರಗಿಲ್ಲ. ಕೇಲಾ ಜೆರ್ಸಿಯ ಅಂಚನ್ನೇ ಹಿಡಿದಳು. ಅಕ್ಕಿ, ತೆಂಗಿನಕಾಯಿ, ಬೆಲ್ಲದ ಅಚ್ಚು, ರವಿಕೆ ಕಣ, ಎಲ್ಲ ಅದರೊಳಗೆ ಬಿದ್ದವು. ಕೊನೆಗೆ ಒಂದು ದೊಡ್ಡ ಸ್ಟೀಲ್ ಡಬ್ಬದ ತುಂಬ ಹೋಳಿಗೆ. ವತ್ಸಲೆ ಅತ್ತಳು, ಕೇಲಾ ಅತ್ತಳು, ನಾನು ಕಿಟಕಿಯ ಕಡೆ ತಿರುಗಿದೆ. ಹೆಣ್ಣು ಒಪ್ಪಿಸಿಕೊಡುವ ಮನೆಯಲ್ಲೂ ಇಷ್ಟು ಅಳು ಇರುವುದಿಲ್ಲ.

ಉಳಿದ ಹತ್ತು ಹುಡುಗಿಯರು ಗೋಡೆಗೆ ಸಾಲಾಗಿ ನಿಂತು ಇದನ್ನು ನೋಡುತ್ತಿದ್ದರು. ಅವರಲ್ಲಿ ಮರಿಸೋಲ್ ಎಂಬುವಳು ಮೂರು ವರ್ಷದಿಂದ ತಂಡದಲ್ಲಿದ್ದಾಳೆ. ಆಡುವುದಕ್ಕಿಂತ ಹೆಚ್ಚಾಗಿ ಚೆಂಡಿನ ಚೀಲ ಹೊರುವವಳು. ಅವಳು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಪ್ರೊಫೆಸರ್, ಇದು ಬಿಟ್ಟುಹೋಗೋರಿಗೆ ಮಾಡೋದಾ?"

"ಹೌದಮ್ಮ, ನಮ್ಮ ಪದ್ಧತಿ."

"ಉಳಿಯೋರಿಗೆ?"

ನಾನು ಸುತ್ತ ನೋಡಿದೆ. "ಉಳಿಯೋರು ಆ ಕುರ್ಚಿಗಳನ್ನ ಸ್ವಲ್ಪ ಗರಾಜಿಗೆ ಸೇರಿಸ್ಬಿಡಿ" ಎಂದೆ.

ಸೋಮವಾರ ಬೆಳಗ್ಗೆ ಕೋಚ್ ಗ್ರೇಸ್ ಫೋನ್ ಮಾಡಿದರು. ಮೂವರು ಹುಡುಗಿಯರು ಪೋರ್ಟಲ್‌ಗೆ ಹೆಸರು ಹಾಕಿದ್ದರು. ಮೊದಲನೆಯದು ಮರಿಸೋಲ್‌ಳದು. ಹತ್ತರಲ್ಲಿ ಮೂರು ಹೋದರೆ ಏಳು. ಇದಕ್ಕೆ ಸ್ಟ್ಯಾಟಿಸ್ಟಿಕ್ಸ್ ಬೇಕಾಗಿಲ್ಲ. ಡೀನ್ ಕೊಟ್ಟ ಗಡುವು ಶುಕ್ರವಾರ.

ಮರಿಸೋಲ್‌ಳನ್ನು ಕ್ಲಾಸಿನ ಹೊರಗೆ ಹಿಡಿದೆ. ಯಾವ ಕಾಲೇಜು ಕರೆದಿದೆ ಎಂದು ಕೇಳಿದೆ.

"ಯಾವ್ದೂ ಇಲ್ಲ."

"ಮತ್ತೆ? ಹಣ ಯಾರಾದ್ರೂ ಕೊಡ್ತೀನಂದ್ರಾ?"

"ನನಗ್ಯಾರು ಕೊಡ್ತಾರೆ, ಪ್ರೊಫೆಸರ್? ನಾನು ಚೀಲ ಹೊರೋಳು." ಹೆಗಲ ಮೇಲಿದ್ದ ಚೀಲ ಸರಿಮಾಡಿಕೊಂಡಳು. "ಮೂರು ವರ್ಷದಲ್ಲಿ ಯಾರೂ ನನ್ನನ್ನ ಹಾಗೆ ನಡುವೆ ಕೂರಿಸಿ ಹೂ ಮುಡಿಸಿಲ್ಲ. ಹೋಗ್ತೀನಿ ಅಂದ್ರೆ ಏನ್ಮಾಡ್ತೀರೋ ನೋಡೋಣ ಅಂತ ಹಾಕ್ದೆ." ಮಿಕ್ಕ ಇಬ್ಬರದೂ ಇದೇ ಕತೆ. ಒಬ್ಬಳಂತೂ, ನನಗೆ ಎಲ್ಲಿಗೂ ಹೋಗುವ ಆಸೆಯಿಲ್ಲ, ಆ ಡಬ್ಬ ಸಿಕ್ಕರೆ ಸಾಕು ಎಂದು ನೇರವಾಗಿಯೇ ಹೇಳಿದಳು.

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ನಾಚಿಕೆಯಾಯಿತು. ದೊಡ್ಡ ಯೂನಿವರ್ಸಿಟಿಯವರು ಹಣದ ಚೀಲ ತೋರಿಸಿ ನಮ್ಮ ಮಕ್ಕಳನ್ನು ಎಳೆಯುತ್ತಾರೆ ಎಂದು ನಾಲ್ಕು ವರ್ಷ ಮೀಟಿಂಗುಗಳಲ್ಲಿ ಗಂಟಲು ಹರಿದುಕೊಂಡವನು ನಾನು. ಅವರು ಒಬ್ಬಳನ್ನು ಒಯ್ದರು. ನಾನು ಒಂದೇ ಮಧ್ಯಾಹ್ನದಲ್ಲಿ ಮೂವರನ್ನು ಸಾಗಹಾಕಿದ್ದೆ. ಅದೂ ಹೋಳಿಗೆಯಿಂದ.

ಮನೆಗೆ ಬಂದು ವತ್ಸಲೆಯ ಮುಂದೆ ತಪ್ಪೊಪ್ಪಿಕೊಂಡೆ. ಅವಳು ಬಯ್ಯಲಿಲ್ಲ. "ಗೌರಿ ಹಬ್ಬಕ್ಕೆ ಮನೆ ಹೆಣ್ಣುಮಕ್ಕಳಿಗೆ ಬಾಗಿನ ಕೊಡಲ್ವಾ? ಹಾಗೇ ಕೊಡೋಣ" ಎಂದಳು.

"ಹಬ್ಬ ಎಲ್ಲಿದೆಯೇ ಈಗ?"

"ನಿಮ್ಮ ಶುಕ್ರವಾರ ಬಂದ್ರೆ ಟೀಮೇ ಇರಲ್ಲ ಅಂತೀರಿ. ಗೌರಿ ಬರೋ ತನಕ ಕಾಯ್ತೀರಾ?"

ಗುರುವಾರ ಮಧ್ಯಾಹ್ನ ಜಿಮ್ಮಿನಲ್ಲಿ, ನೆಟ್ಟಿನ ಕೆಳಗೆ ಮಣೆ ಹಾಕಿದೆವು. ಮರಿಸೋಲ್‌ಳಿಂದ ಶುರು. ಒಬ್ಬೊಬ್ಬಳಿಗೂ ಕುಂಕುಮ, ಹೂ, ಬಳೆ, ಸೋಪು, ಹೆಸರು ಬರೆದ ಸ್ಟೀಲ್ ಡಬ್ಬ. ಕೊನೆಗೆ ವತ್ಸಲೆ ಕೋಚ್ ಗ್ರೇಸ್ ಅವರನ್ನೂ ಕೈಹಿಡಿದು ಕೂರಿಸಿದಳು. ಇಪ್ಪತ್ತು ವರ್ಷ ಆ ಜಿಮ್ಮಿನಲ್ಲಿ ನಿಂತೇ ಇದ್ದವರು ಮಣೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. ಮೂರು ಹೆಸರುಗಳೂ ಅಂದೇ ಪೋರ್ಟಲ್‌ನಿಂದ ಹೊರಬಂದವು. ಶುಕ್ರವಾರ ಹತ್ತು ಸಹಿಗಳು ಡೀನ್ ಮೇಜಿನ ಮೇಲಿದ್ದವು, ಒಂದಕ್ಕೆ ಸ್ವಲ್ಪ ತುಪ್ಪ ಹತ್ತಿತ್ತು.

ನಾನು ಗೆದ್ದವನ ಠೀವಿಯಲ್ಲಿ ಮನೆಗೆ ಬಂದೆ. ಸೋಫಾದಲ್ಲಿ ಕುಳಿತು, ಟೀವಿ ಹಾಕಿ, ಅಡುಗೆಮನೆಯ ಕಡೆ ತಿರುಗಿ, "ಉಳಿದವರನ್ನ ನಾವು ಗಮನಿಸೋದೇ ಇಲ್ಲ ಕಣೇ, ಎಂಥ ಜನ ನಾವು! ಇದರ ಮೇಲೆ ಒಂದು ಲೇಖನ ಬರೀಬೇಕು. ಅಂದ ಹಾಗೆ ಕಾಫಿ ಆಯ್ತಾ?" ಎಂದೆ.

ವತ್ಸಲೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ರೀ, ನಾನು ಬೆಂಗ್ಳೂರಿಗೆ ಹೊರಟಾಗೆಲ್ಲ ಏರ್‌ಪೋರ್ಟಲ್ಲಿ ಕಣ್ಣೀರು ಹಾಕ್ತೀರಲ್ಲ, ಚಾಕೊಲೇಟ್ ಡಬ್ಬ ಕೊಡಿಸ್ತೀರಲ್ಲ. ಇಪ್ಪತ್ತಾರು ವರ್ಷದಿಂದ ಈ ಮನೇಲಿ ಉಳಿದಿದೀನಿ. ಉಳಿದಿದ್ದಕ್ಕೆ ಏನ್ ಕೊಟ್ಟಿದೀರಿ?"

ನಾನು ರಿಮೋಟ್ ಕೆಳಗಿಟ್ಟೆ.

"ಆ ಪೋರ್ಟಲ್‌ಗೆ ಹೆಸರು ಹಾಕೋದು ಹೇಗೆ, ಸ್ವಲ್ಪ ತೋರಿಸ್ತೀರಾ?"

ಟೀವಿ ಆರಿಸಿ ಎದ್ದೆ. ಅಡುಗೆಮನೆಯಲ್ಲಿ ಎರಡು ದಿನದ ಹೂರಣದ ಪಾತ್ರೆಗಳು ಸಿಂಕಿನಿಂದ ಒಲೆಯವರೆಗೆ ಸಾಲಾಗಿ ನಿಂತಿದ್ದವು. ಅಂದಿನಿಂದ ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂದಿದೆ. ಬೇರೆ ಯಾವುದಾದರೂ ಮನೆಯವರು ನನ್ನನ್ನು ಕರೆದಾರೇ ಎಂದು ನಾನೂ ಒಮ್ಮೆ ಯೋಚಿಸಿದ್ದುಂಟು. ಹೋದ ಭಾನುವಾರ ಸುಮ್ಮನೆ ವಿಚಾರಿಸಿ ನೋಡೋಣವೆಂದು ಶ್ರೀನಾಥನಿಗೆ ವೀಡಿಯೋ ಕಾಲ್ ಮಾಡಿದೆ. ಅವನು ಮೊಣಕೈವರೆಗೆ ನೊರೆ ಮೆತ್ತಿಕೊಂಡು ಕುಕ್ಕರ್ ಉಜ್ಜುತ್ತಿದ್ದ. ವತ್ಸಲೆ ಅವನ ಹೆಂಡತಿಗೆ ಆಗಲೇ ಫೋನ್ ಮಾಡಿ ಎಲ್ಲ ಹೇಳಿದ್ದಳು.